46ಕ್ಕೆ 31: ಇವಾನ್ ರೊಡ್ರಿಗಸ್ ಅವರ ತೋಳನ್ನು ಅಳೆಯುವುದು ಹೇಗೆ?

(ಬೇಸ್‌ಬಾಲ್ ಅಂಕಿ-ಅಂಶಗಳ ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತೆಲ್ಲ ಎರಡು ಅಂಕಿಗಳ ಸುತ್ತ. ಇವಾನ್ ರೊಡ್ರಿಗಸ್ 1991ರಿಂದ 2011ರವರೆಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಕ್ಯಾಚರ್ ಆಗಿ, ಅಂದರೆ ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವರಾಗಿ, ಆಡಿದರು. ಮೂರು ಬೇಸ್‌ಗಳನ್ನು ಸುತ್ತಿ ಮನೆ (ಬ್ಯಾಟರ್ ನಿಲ್ಲುವ ಜಾಗ) ಸೇರಿದ ಓಟಗಾರನಿಗೆ ಒಂದು ರನ್. ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಎಸೆಯುವ ಹೊತ್ತಿಗೆ, ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡುವುದೇ ಬೇಸ್ ಕದಿಯುವುದು. ಅಂಥ ಒಂದು ಪ್ರಯತ್ನವನ್ನೇ ಇಲ್ಲಿ ಓಟ ಎನ್ನುತ್ತೇನೆ, ರನ್ ಬೇರೆ. ಆ 21 ಸೀಸನ್‌ಗಳಲ್ಲಿ ಎದುರಾಳಿ ಓಟಗಾರರು ಅವರ ಕಣ್ಣೆದುರೇ ಬೇಸ್ ಕದಿಯಲು 1,447 ಸಲ ಓಡಿದರು. 786 ಸಲ ಬೇಸ್ ದಕ್ಕಿತು, 661 ಸಲ ಓಟಗಾರ ಔಟಾದ. ಶೇಕಡಾ ಲೆಕ್ಕದಲ್ಲಿ 45.7, ಅಂದರೆ ಸುಮಾರು 46. ಅದೇ ವರ್ಷಗಳಲ್ಲಿ ಲೀಗಿನ ಸರಾಸರಿ ಶೇ. 31. ಅಂತರ ದೊಡ್ಡದು ಎನ್ನುವುದು ಮೇಲ್ನೋಟಕ್ಕೇ ಕಾಣುತ್ತದೆ. ಆದರೆ ಈ ಅಂತರದಲ್ಲಿ ಕ್ಯಾಚರ್‌ನ ಪಾಲೆಷ್ಟು, ಪಿಚರ್‌ನ ಪಾಲೆಷ್ಟು, ಅದೃಷ್ಟದ ಪಾಲೆಷ್ಟು? ಓಡುವ ಯೋಚನೆಯನ್ನೇ ಬಿಟ್ಟವರ ಲೆಕ್ಕ ಎಲ್ಲಿ ಹೋಯಿತು? ಇದನ್ನು ಬಿಡಿಸಿ ನೋಡದಿದ್ದರೆ 46 ಎನ್ನುವುದು ಹೊಗಳಿಕೆಯಾಗಿ ಉಳಿಯುತ್ತದೆ, ಅಳತೆ ಆಗುವುದಿಲ್ಲ.

ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಒಂದು ಮಾತು. ವಿಕೆಟ್ ಕೀಪರ್ ಸ್ಟಂಪಿಂಗ್ ಮಾಡುವಾಗ ವಿಕೆಟ್ ಕೈಗೆಟಕುವ ದೂರದಲ್ಲೇ ಇರುತ್ತದೆ. ಬೇಸ್‌ಬಾಲ್ ಕ್ಯಾಚರ್ ಔಟ್ ಮಾಡಬೇಕಾದ ಎರಡನೇ ಬೇಸ್ ಇರುವುದು 127 ಅಡಿ ಆಚೆ. ನಮ್ಮ 22 ಗಜದ ಪಿಚ್ ಒಂದಕ್ಕೆ ಇನ್ನೊಂದನ್ನು ಜೋಡಿಸಿಟ್ಟರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಕುಕ್ಕರಗಾಲಲ್ಲಿ ಕೂತವನು ಚೆಂಡು ಹಿಡಿದು, ಎದ್ದು, ಅಷ್ಟು ದೂರ ಎಸೆಯಬೇಕು. ಎಸೆದ ಚೆಂಡು ಬೇಸ್ ಪಕ್ಕ ನಿಂತ ಫೀಲ್ಡರ್‌ನ ಗ್ಲೌವ್‌ಗೆ ಮೊಣಕಾಲ ಎತ್ತರದಲ್ಲಿ ಬಂದು ಬೀಳಬೇಕು.

ಈಗ ಗಡಿಯಾರ ಹಿಡಿಯೋಣ. ಮೊದಲ ಬೇಸ್‌ನಿಂದ ಎರಡನೆಯದಕ್ಕೆ 90 ಅಡಿ. ಓಟಗಾರ ಮೊದಲೇ ಹನ್ನೆರಡು ಅಡಿಯಷ್ಟು ಮುಂದೆ ಸರಿದು ನಿಂತಿರುತ್ತಾನೆ. ಇದಕ್ಕೆ ಲೀಡ್ ಎನ್ನುತ್ತಾರೆ. ಅಲ್ಲಿಂದ ಹೊರಟು ಜಾರಿ ಬೇಸ್ ಮುಟ್ಟಲು ಒಳ್ಳೆಯ ಓಟಗಾರನಿಗೆ 3.3ರಿಂದ 3.5 ಸೆಕೆಂಡ್ ಬೇಕು. ಪಿಚರ್ ಮೈ ಕದಲಿಸಿದ ಕ್ಷಣದಿಂದ ಚೆಂಡು ಕ್ಯಾಚರ್‌ನ ಮಿಟ್‌ಗೆ (ದಪ್ಪ ಗ್ಲೌವ್‌ಗೆ) ಬಂದು ಬೀಳಲು ಸುಮಾರು 1.3 ಸೆಕೆಂಡ್. ಮಿಟ್‌ಗೆ ಬಿದ್ದಲ್ಲಿಂದ ಎರಡನೇ ಬೇಸ್ ತಲುಪುವವರೆಗಿನ ಹೊತ್ತನ್ನು ಪಾಪ್ ಟೈಮ್ ಎಂದು ಕರೆಯುತ್ತಾರೆ. ಮೇಜರ್ ಲೀಗ್ ಸರಾಸರಿ 2.0 ಸೆಕೆಂಡ್, 1.9ಕ್ಕಿಂತ ಕೆಳಗೆ ಇಳಿಸುವವರು ಬೆರಳೆಣಿಕೆಯ ಮಂದಿ. 1.3ಕ್ಕೆ 2.0 ಕೂಡಿಸಿ, ಟ್ಯಾಗ್ ಮಾಡಲು, ಅಂದರೆ ಚೆಂಡು ಹಿಡಿದ ಗ್ಲೌವ್ ಓಟಗಾರನಿಗೆ ಮುಟ್ಟಿಸಲು, ಇನ್ನೊಂದು ಹತ್ತನೇ ಸೆಕೆಂಡ್ ಸೇರಿಸಿ: 3.4. ಓಟಗಾರನ ಹೊತ್ತೂ ಅಷ್ಟೇ! ಈ ಆಟದ ಸೊಗಸೆಲ್ಲ ಇರುವುದು ಈ ಸಮದಲ್ಲಿ. ಯಾರೇ ಆಗಲಿ ಒಂದು ಹತ್ತನೇ ಸೆಕೆಂಡ್ ಕಳೆದುಕೊಂಡರೆ ಮುಗಿಯಿತು.

ಆ ಎರಡು ಸೆಕೆಂಡ್‌ನಲ್ಲಿ ಚೆಂಡನ್ನು ಮಿಟ್‌ನಿಂದ ಬರಿಗೈಗೆ ವರ್ಗಾಯಿಸಿ ಎಸೆಯಲು ಸುಮಾರು 0.7 ಹೋಗುತ್ತದೆ, ಉಳಿದದ್ದು ಚೆಂಡಿನ ಹಾರಾಟಕ್ಕೆ. ಗಂಟೆಗೆ 80 ಮೈಲಿ ವೇಗದ ಎಸೆತ ಎಂದರೆ ಸೆಕೆಂಡಿಗೆ 117 ಅಡಿ. ಗಾಳಿಯ ತಡೆ ಇಲ್ಲದಿದ್ದರೆ 127 ಅಡಿಗೆ 1.09 ಸೆಕೆಂಡ್ ಸಾಕಿತ್ತು. ಗಾಳಿ ಇರುವುದರಿಂದ 1.2 ದಾಟುತ್ತದೆ. ತೋಳಿನ ಬಲ ಹೆಚ್ಚಿಸಿಕೊಳ್ಳುವುದು ಕಷ್ಟದ ಕೆಲಸ, ವರ್ಗಾವಣೆಯ ಹೊತ್ತು ತಗ್ಗಿಸಿಕೊಳ್ಳುವುದು ಅಭ್ಯಾಸದಿಂದ ಸಾಧ್ಯ. ಅದಕ್ಕೇ ಒಳ್ಳೆಯ ಕೋಚ್‌ಗಳು ಮೊದಲು ನೋಡುವುದು ಕಾಲು ಮತ್ತು ಕೈಯನ್ನು, ತೋಳನ್ನಲ್ಲ.

ಇಲ್ಲಿ ಕೆಡುವ ಸಂಗತಿಗಳು ಹೆಚ್ಚುಕಡಿಮೆ ಯಾವಾಗಲೂ ಅವೇ. ಬೆರಳುಗಳು ಚೆಂಡಿನ ಹೊಲಿಗೆಗೆ ಅಡ್ಡಲಾಗಿ ಕೂರದೆ ಉದ್ದಕ್ಕೆ ಕೂತರೆ, ಬಲಗೈ ಎಸೆತ ಓಟಗಾರ ಬರುವ ಕಡೆಗೆ ಬಾಗಿ ಹೋಗುತ್ತದೆ. ಪೂರ್ತಿ ನೆಟ್ಟಗೆ ಎದ್ದು ನಿಂತು ಎಸೆದರೆ, ಇಲ್ಲವೆ ತೋಳನ್ನು ಹಿಂದಕ್ಕೆ ದೊಡ್ಡ ಸುತ್ತು ಹಾಕಿಸಿದರೆ, ಗಳಿಸಿದ ವೇಗಕ್ಕಿಂತ ಕಳೆದ ಹೊತ್ತು ಜಾಸ್ತಿ. ಕೈ ಕಿವಿಯ ಹತ್ತಿರದಿಂದಲೇ ಹೊರಡಬೇಕು. ಎಸೆತ ಎದೆಯ ಎತ್ತರಕ್ಕೆ ಬಂದರಂತೂ ಫೀಲ್ಡರ್ ಗ್ಲೌವ್ ಕೆಳಗಿಳಿಸುವಷ್ಟರಲ್ಲಿ ಓಟಗಾರನ ಕಾಲು ಬೇಸ್ ಮೇಲಿರುತ್ತದೆ. ಎತ್ತರದ ಎಸೆತಕ್ಕಿಂತ ಒಂದು ಪುಟ ಬಿದ್ದು ಬಂದ ಎಸೆತವೇ ಲೇಸು. ಇನ್ನು ಪಿಚರ್ ಹಾಕಿದ್ದು ಬಾಗಿ ಇಳಿದು ನೆಲಕ್ಕೆ ಬಡಿಯುವ ನಿಧಾನದ ಕರ್ವ್ ಬಾಲ್ ಆಗಿದ್ದರೆ, ಕ್ಯಾಚರ್ ಏನೂ ತಪ್ಪು ಮಾಡದಿದ್ದರೂ ಬೇಸ್ ಹೋದಂತೆಯೇ. ರೊಡ್ರಿಗಸ್ ಅವರ ಹೆಸರಾಯಿತಲ್ಲ, ಅದು ಬರೀ ತೋಳಿನ ವೇಗಕ್ಕಲ್ಲ. ಎಸೆತ ಚಿಕ್ಕದು, ಕಾಲಿನ ಚಲನೆ ಕಡಿಮೆ, ಬೇಕೆಂದರೆ ಮೊಣಕಾಲ ಮೇಲಿದ್ದೇ ಎಸೆಯುತ್ತಿದ್ದರು.

ಈಗ ಅಂಕಿಗೆ ಬರೋಣ. ಆ 661ರಲ್ಲಿ ಏನೇನು ಸೇರಿದೆ? ಸ್ಕೋರ್ ಬರೆಯುವವರ ನಿಯಮ ತಿಳಿಯದೆ ಈ ಪಟ್ಟಿಯನ್ನು ಓದಬಾರದು. ಎಸೆತ ಸರಿಯಾಗಿ ಬಂದು ಫೀಲ್ಡರ್ ಚೆಂಡು ಕೈಬಿಟ್ಟನೆನ್ನಿ, ಹಿಡಿದಿದ್ದರೆ ಓಟಗಾರ ಔಟಾಗುತ್ತಿದ್ದ ಎಂದು ಸ್ಕೋರರ್‌ಗೆ ಅನಿಸಿದರೆ ಅದು ಸಿಕ್ಕಿಬಿದ್ದ ಲೆಕ್ಕಕ್ಕೇ ಹೋಗುತ್ತದೆ. ಇಬ್ಬರು ಒಟ್ಟಿಗೆ ಕದಿಯಲು ಓಡಿ ಒಬ್ಬ ಔಟಾದರೆ, ಇನ್ನೊಬ್ಬ ಬೇಸ್ ತಲುಪಿದ್ದರೂ ಅವನಿಗೆ ಕಳುವಿನ ಅಂಕಿ ಸಿಗುವುದಿಲ್ಲ. ಪಂದ್ಯ ಕೈತಪ್ಪಿದ ತಂಡದ ಓಟಗಾರ ಎರಡನೇ ಬೇಸ್‌ಗೆ ಓಡಿದಾಗ ಎದುರಾಳಿ ತಡೆಯುವ ಗೋಜಿಗೇ ಹೋಗದಿದ್ದರೆ ಅದೂ ಕಳುವಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಪಿಚರ್ ಮೊದಲ ಬೇಸ್‌ಗೆ ಎಸೆದ, ಓಟಗಾರ ಹಿಂದಿರುಗದೆ ಎರಡನೆಯದಕ್ಕೆ ಓಡಿ ಔಟಾದ ಎನ್ನಿ. ಕ್ಯಾಚರ್ ಚೆಂಡನ್ನು ಮುಟ್ಟಿಯೇ ಇಲ್ಲ. ಆದರೂ ಹಳೆಯ ಒಟ್ಟು ಅಂಕಿಗಳಲ್ಲಿ ಇಂಥವೂ ಕ್ಯಾಚರ್‌ನ ಹೆಸರಿಗೇ ಸೇರಿಕೊಂಡಿರುತ್ತವೆ.

ರೊಡ್ರಿಗಸ್ ಅವರ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಟೆಕ್ಸಸ್ ರೇಂಜರ್ಸ್‌ನಲ್ಲೂ ಆಮೇಲೆ ಡೆಟ್ರಾಯಿಟ್ ಟೈಗರ್ಸ್‌ನಲ್ಲೂ ಅವರ ಜೊತೆ ಆಡಿದ ಎಡಗೈ ಪಿಚರ್ ಕೆನ್ನಿ ರಾಜರ್ಸ್, ಮೊದಲ ಬೇಸ್‌ನ ಓಟಗಾರನನ್ನು ಕಟ್ಟಿಹಾಕುವುದರಲ್ಲಿ ಎತ್ತಿದ ಕೈ. ಎಡಗೈ ಪಿಚರ್ ಎಸೆಯಲು ನಿಂತಾಗ ಮುಖ ಮೊದಲ ಬೇಸ್ ಕಡೆಗೇ ಇರುತ್ತದೆ, ಹಾಗಾಗಿ ಓಟಗಾರ ಒಂದು ಹೆಜ್ಜೆ ಹೆಚ್ಚು ಇಡಲೂ ಹಿಂಜರಿಯುತ್ತಾನೆ. ಅಂಥವರ ಸಹಾಯ 46ರೊಳಗೆ ಖಂಡಿತ ಇದೆ. ಆದರೆ ರೊಡ್ರಿಗಸ್ ಇಪ್ಪತ್ತೊಂದು ವರ್ಷಗಳಲ್ಲಿ ಹಲವು ತಂಡಗಳಿಗೆ, ನೂರಾರು ಪಿಚರ್‌ಗಳ ಜೊತೆ ಆಡಿದವರು. ಒಬ್ಬಿಬ್ಬರು ಪಿಚರ್‌ಗಳು ಒಂದು ಸೀಸನ್ನಿನ ಅಂಕಿಯನ್ನು ಏರಿಸಬಲ್ಲರು, ಇಡೀ ವೃತ್ತಿಜೀವನದ ಅಂಕಿಯನ್ನು 15ರಷ್ಟು ಏರಿಸಲಾರರು. ಪಿಚರ್‌ನ ಪಾಲು ಕಳೆಯಬೇಕೆಂದರೆ ದಾರಿ ಹೀಗೆ: ಪ್ರತಿ ಪಿಚರ್‌ಗೂ ಈ ಕ್ಯಾಚರ್ ಇದ್ದಾಗಿನ ಲೆಕ್ಕ ಬೇರೆ, ಬೇರೆ ಕ್ಯಾಚರ್‌ಗಳು ಇದ್ದಾಗಿನ ಲೆಕ್ಕ ಬೇರೆ ತೆಗೆಯಿರಿ. ಎರಡರಲ್ಲಿ ಯಾವುದರ ಓಟಗಳು ಕಡಿಮೆಯೋ ಅಷ್ಟೇ ತೂಕ ಕೊಟ್ಟು, ವ್ಯತ್ಯಾಸಗಳನ್ನು ಕೂಡಿಸಿ. ಬೇಸರ ತರಿಸುವಷ್ಟು ಕೆಲಸ, ಆದರೆ ನ್ಯಾಯವಾದ ಕೆಲಸ.

ಲೀಗ್ ಸರಾಸರಿ ತೆಗೆಯುವಲ್ಲೂ ಜನ ಎಡವುತ್ತಾರೆ. ಆಡಿದ ವರ್ಷಗಳ ಲೀಗ್ ಸರಾಸರಿಗಳನ್ನೆಲ್ಲ ಕೂಡಿಸಿ ವರ್ಷಗಳ ಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. ಅದು ತಪ್ಪು. ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳಿ. ಒಬ್ಬ ಕ್ಯಾಚರ್‌ನ ಎದುರು ಮೊದಲ ವರ್ಷ 100 ಓಟ, ಆ ವರ್ಷದ ಲೀಗ್ ಸರಾಸರಿ 35. ಎರಡನೇ ವರ್ಷ ಗಾಯ, 20 ಓಟ ಮಾತ್ರ, ಸರಾಸರಿ 25. ಎರಡು ವರ್ಷ ಸೇರಿ ಅವನು 40 ಜನರನ್ನು ಔಟ್ ಮಾಡಿದ, ಅಂದರೆ ಶೇ. 33.3. ಸುಮ್ಮನೆ 35 ಮತ್ತು 25ರ ಸರಾಸರಿ 30 ಎಂದರೆ ಅವನು ಲೀಗಿಗಿಂತ ಮೇಲಿದ್ದಾನೆ ಅನಿಸುತ್ತದೆ. ಸರಿಯಾದ ಲೆಕ್ಕದಲ್ಲಿ ಲೀಗಿನ ಸಾಮಾನ್ಯ ಕ್ಯಾಚರ್ ಮೊದಲ ವರ್ಷ 35, ಎರಡನೇ ವರ್ಷ 5, ಒಟ್ಟು 40 ಜನರನ್ನು ಹಿಡಿಯುತ್ತಿದ್ದ. ನಮ್ಮವನು ಹಿಡಿದದ್ದೂ ಅಷ್ಟೇ. ಆಯಾ ವರ್ಷದ ಸರಾಸರಿಗೆ ಆಯಾ ವರ್ಷದ ಓಟಗಳ ತೂಕ ಕೊಡಲೇಬೇಕು.

ಅದೃಷ್ಟದ ಪಾಲನ್ನು ಅಳೆಯುವುದು ಸುಲಭ. ಹಿಡಿಯುವ ಸಾಧ್ಯತೆ ಶೇ. 31 ಇರುವ ಕ್ಯಾಚರ್‌ನ ಎದುರು ಒಂದು ವರ್ಷದಲ್ಲಿ 50 ಜನ ಓಡಿದರೆ, ಬರೀ ಆಕಸ್ಮಿಕದಿಂದಲೇ ಅವನ ಅಂಕಿ ಆರೂವರೆ ಆಚೀಚೆ ಹೋಗಬಹುದು. ಒಂದು ವರ್ಷ 37, ಮರುವರ್ಷ 25 ಬಂದರೆ ತೋಳು ಸೋತಿತು ಎಂದು ಬರೆಯುವ ಪತ್ರಿಕೆಗಳು ಬಹುಪಾಲು ಈ ಏರಿಳಿತವನ್ನೇ ಸುದ್ದಿ ಮಾಡುತ್ತಿರುತ್ತವೆ. ಆದರೆ 1,447 ಓಟಗಳ ಮೇಲೆ ಈ ಏರಿಳಿತ 1.2ಕ್ಕೆ ಇಳಿಯುತ್ತದೆ. ರೊಡ್ರಿಗಸ್ ಅವರ ಅಂತರ 14.7. ಏರಿಳಿತದ ಹನ್ನೆರಡು ಪಟ್ಟು. ಅದೃಷ್ಟ ಎಂಬ ಪದಕ್ಕೆ ಇಲ್ಲಿ ಜಾಗವೇ ಇಲ್ಲ. 2001ರಲ್ಲಿ ಅವರು 58ರಲ್ಲಿ 35 ಜನರನ್ನು, ಶೇ. 60 ಮಂದಿಯನ್ನು, ಔಟ್ ಮಾಡಿದರು. ಆ ಒಂದು ವರ್ಷದ ಅಂಕಿಯೂ ಆಕಸ್ಮಿಕದ ಎಲ್ಲೆಯಿಂದ ಬಹಳ ಆಚೆಗಿದೆ.

ಇನ್ನು ರನ್‌ಗಳ ಲೆಕ್ಕ. ಬೇಸ್ ಕದಿಯುವುದು ಯಾವಾಗ ಲಾಭ? 2010–15ರ ಮೇಜರ್ ಲೀಗ್ ಪಂದ್ಯಗಳ ಸರಾಸರಿ ಹೀಗಿದೆ: ಯಾರೂ ಔಟಾಗದೆ ಮೊದಲ ಬೇಸ್‌ನಲ್ಲಿ ಒಬ್ಬನಿದ್ದರೆ ಆ ಇನ್ನಿಂಗ್ಸ್‌ನಲ್ಲಿ ಅಲ್ಲಿಂದ ಮುಂದೆ ಸರಾಸರಿ 0.859 ರನ್ ಬರುತ್ತದೆ. ಅವನು ಎರಡನೆಯದನ್ನು ಕದ್ದರೆ 1.100. ಸಿಕ್ಕಿಬಿದ್ದರೆ ಒಬ್ಬ ಔಟ್, ಬೇಸ್ ಖಾಲಿ, 0.254. ಗಳಿಕೆ 0.241, ನಷ್ಟ 0.605. ನಾಲ್ಕು ಓಟಗಳಲ್ಲಿ ಹತ್ತಿರ ಹತ್ತಿರ ಮೂರು ಗೆದ್ದರೆ ಮಾತ್ರ ಸರಿಸಮ. ಕರಾರುವಾಕ್ಕಾಗಿ ಹೇಳಬೇಕೆಂದರೆ ಶೇ. 71.5. ಒಬ್ಬ ಔಟಾಗಿದ್ದಾಗ, ಇಬ್ಬರು ಔಟಾಗಿದ್ದಾಗ ಈ ಗೆರೆ ಸ್ವಲ್ಪ ಸರಿದರೂ 70ರಿಂದ 73ರೊಳಗೇ ಇರುತ್ತದೆ. ಎಲ್ಲ ಸಂದರ್ಭಗಳನ್ನು ಕಲಸಿ ನೋಡಿದರೆ ಕದ್ದ ಬೇಸ್‌ನ ಬೆಲೆ ಸುಮಾರು 0.2 ರನ್ ಗಳಿಕೆ, ಸಿಕ್ಕಿಬಿದ್ದದ್ದರ ಬೆಲೆ ಸುಮಾರು 0.4 ರನ್ ನಷ್ಟ. ಯಶಸ್ವಿ ಕಳುವೊಂದನ್ನು ಔಟ್ ಆಗಿ ಬದಲಿಸುವ ಕ್ಯಾಚರ್ ತನ್ನ ತಂಡಕ್ಕೆ 0.6 ರನ್ ಉಳಿಸುತ್ತಾನೆ ಎಂದಾಯಿತು.

1,447 ಓಟಗಳಲ್ಲಿ ಸಾಮಾನ್ಯ ಕ್ಯಾಚರ್ ಸುಮಾರು 449 ಜನರನ್ನು ಹಿಡಿಯುತ್ತಿದ್ದ. ರೊಡ್ರಿಗಸ್ ಹಿಡಿದದ್ದು 661. ಹೆಚ್ಚುವರಿ 212 ಔಟ್, 0.6ರಂತೆ 127 ರನ್. ಹತ್ತು ರನ್‌ಗೆ ಒಂದು ಗೆಲುವು ಎನ್ನುವುದು ಈ ಕ್ಷೇತ್ರದ ರೂಢಿಯ ಅಳತೆ. ಹಾಗೆ ನೋಡಿದರೆ ಬರೀ ಈ ಒಂದು ಕೆಲಸದಿಂದ ಹನ್ನೆರಡು ಹದಿಮೂರು ಗೆಲುವು.

ಇಷ್ಟಕ್ಕೆ ನಿಲ್ಲಿಸಿದರೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟು ನೋಡೋಣ: ಅದೇ ಕಾಲದ ಮೈಕ್ ಪಿಯಾಜಾ. ಕ್ಯಾಚರ್ ಆಗಿ ಆಡುತ್ತಲೇ 396 ಹೋಮ್ ರನ್ ಹೊಡೆದು ದಾಖಲೆ ಮಾಡಿದವರು, ಆದರೆ ಎಸೆತದಲ್ಲಿ ಹಿಂದೆ. ಅವರ ವೃತ್ತಿ ಸರಾಸರಿ ಶೇ. 23, ಲೀಗ್ ಆಗಲೂ 31ರ ಆಸುಪಾಸು. ಅವರು ಕ್ಯಾಚರ್ ಆಗಿ ಆಡಿದ್ದು 1,630 ಪಂದ್ಯ, ಅವರೆದುರು ಓಡಿದ್ದು 1,800ಕ್ಕೂ ಹೆಚ್ಚು ಸಲ. ರೊಡ್ರಿಗಸ್ 2,427 ಪಂದ್ಯ ಆಡಿದರು, ಮೇಜರ್ ಲೀಗ್‌ನಲ್ಲಿ ಅಷ್ಟು ಪಂದ್ಯ ಕ್ಯಾಚರ್ ಆಗಿ ಆಡಿದವರು ಬೇರೊಬ್ಬರಿಲ್ಲ. ಅವರೆದುರು ಓಡಿದ್ದು 1,447 ಸಲ. ಪಂದ್ಯಕ್ಕೆ ಪಿಯಾಜಾ ಎದುರು 1.1 ಓಟ, ರೊಡ್ರಿಗಸ್ ಎದುರು 0.6. ಶೇಕಡಾ ಅಂಕಣದಲ್ಲಿ ಈ ಸಂಗತಿ ಕಾಣುವುದೇ ಇಲ್ಲ!

ಓಡದೆ ಉಳಿದವರು ಯಾರು ಎಂದು ಕೇಳಿಕೊಂಡರೆ ವಿಷಯ ಬಿಚ್ಚಿಕೊಳ್ಳುತ್ತದೆ. ರೊಡ್ರಿಗಸ್ ಕೂತಿದ್ದಾರೆಂದರೆ ಸಾಧಾರಣ ವೇಗದವನಿಗೆ ಕೋಚ್ ಸನ್ನೆ ಕೊಡುವುದಿಲ್ಲ. ಓಡುವವನು ತಂಡದ ಅತಿ ವೇಗದವನು, ಅದೂ ನಿಧಾನದ ಪಿಚರ್ ಸಿಕ್ಕಾಗ, ಕರ್ವ್ ಬಾಲ್ ಬರುವುದೆಂದು ಊಹೆ ಇದ್ದಾಗ. ಅಂದರೆ ಅವರ 46 ಬಂದಿರುವುದು ಆಯ್ದ ಓಟಗಾರರ ಎದುರು, ಓಟಗಾರನಿಗೆ ಅನುಕೂಲವಾದ ಗಳಿಗೆಯಲ್ಲಿ. ಪಿಯಾಜಾ ಎದುರು ಮಧ್ಯಮ ವೇಗದವರೂ ಧೈರ್ಯವಾಗಿ ಓಡಿದರು, ಅವರ 23ರಲ್ಲಿ ಅಂಥ ಸುಲಭದ ಬೇಟೆಗಳೂ ಸೇರಿವೆ. ಇಬ್ಬರೆದುರೂ ಒಂದೇ ಓಟಗಾರರು ಒಂದೇ ಗಳಿಗೆಯಲ್ಲಿ ಓಡಿದ್ದರೆ ಅಂತರ 23 ಅಂಕದ್ದಲ್ಲ, ಇನ್ನೂ ಹೆಚ್ಚಿನದಾಗಿರುತ್ತಿತ್ತು. ಲೀಗ್ ಸರಾಸರಿಗೂ ಇದೇ ಮಾತು. 46ಕ್ಕೆ 31 ಎನ್ನುವ ಹೋಲಿಕೆ ರೊಡ್ರಿಗಸ್ ಅವರಿಗೆ ಕಡಿಮೆ ಕೊಡುತ್ತಿದೆಯೇ ಹೊರತು ಹೆಚ್ಚು ಕೊಡುತ್ತಿಲ್ಲ. ಇದು ನನ್ನ ದೃಢವಾದ ಅಭಿಪ್ರಾಯ.

ಓಡದೆ ಉಳಿದ ಪ್ರತಿಯೊಬ್ಬನಿಗೂ ದೊಡ್ಡ ರನ್ ಬೆಲೆ ಕಟ್ಟುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಲೀಗ್ ಸರಾಸರಿಯಂತೆ ಶೇ. 69 ಯಶಸ್ಸಿನ ಓಟಗಾರನ ಒಂದು ಓಟದ ನಿವ್ವಳ ಬೆಲೆ ಎಷ್ಟು? 0.69ಕ್ಕೆ 0.2ರಂತೆ ಗಳಿಕೆ, 0.31ಕ್ಕೆ 0.4ರಂತೆ ನಷ್ಟ: ಉಳಿಯುವುದು 0.014 ರನ್. ಹೆಚ್ಚುಕಡಿಮೆ ಸೊನ್ನೆ. ಅಂಥ ಓಟ ತಪ್ಪಿಸಿದರೆ ಎದುರಾಳಿ ಕಳೆದುಕೊಳ್ಳುವುದು ಏನೂ ಇಲ್ಲ. ರೊಡ್ರಿಗಸ್ ಎದುರು ಪ್ರತಿ ಓಟಕ್ಕೂ ಓಡಿದ ತಂಡವೇ 0.07 ರನ್ ಕಳೆದುಕೊಳ್ಳುತ್ತಿತ್ತು, ಹಾಗಾಗಿ ಓಡದಿದ್ದದ್ದು ಎದುರಾಳಿಯ ಜಾಣತನ. ತಡೆಯ ನಿಜವಾದ ಬೆಲೆ ಇರುವುದು ಬೇರೆ ಕಡೆ. ಸಮಬಲದ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ, ಒಂದೇ ರನ್ ಬೇಕಾಗಿರುವಾಗ, ಓಟಗಾರ ಮೊದಲ ಬೇಸ್‌ನಲ್ಲೇ ಉಳಿದರೆ ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಸಾಧ್ಯತೆ ಉಳಿಯುತ್ತದೆ, ಒಂದು ಸಿಂಗಲ್‌ಗೆ (ಬ್ಯಾಟರ್‌ಗೆ ಒಂದು ಬೇಸ್ ದಕ್ಕಿಸುವ ಹೊಡೆತಕ್ಕೆ) ಅವನು ಮನೆ ಸೇರುವುದಿಲ್ಲ. ಲೀಡ್ ಕೂಡ ಕುಗ್ಗುತ್ತದೆ. ರೊಡ್ರಿಗಸ್ ಪಿಚ್ (ಪಿಚರ್‌ನ ಎಸೆತ) ಹಿಡಿದ ಕೂಡಲೇ ಮೊದಲ ಬೇಸ್‌ಗೆ ಎಸೆದು, ಮೈಮರೆತ ಓಟಗಾರನನ್ನು ಔಟ್ ಮಾಡುವುದಕ್ಕೆ ಹೆಸರಾಗಿದ್ದರು. ಓಟಗಾರ ಕದಿಯಲು ಹೊರಟಿರದಿದ್ದರೆ ಆ ಔಟ್ 661ರಲ್ಲಿ ಸೇರುವುದಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತೇವಲ್ಲ, ಹಾಗೆ ಅಳುಕಿ ಲೀಡ್‌ನಲ್ಲಿ ಎರಡಡಿ ಬಿಟ್ಟುಕೊಟ್ಟ ಓಟಗಾರ, ಪೂರ್ಣ ವೇಗದಲ್ಲಿ ಸೆಕೆಂಡಿಗೆ 27 ಅಡಿ ಓಡುವವನೆಂದರೂ 0.07 ಸೆಕೆಂಡ್ ಬಿಟ್ಟುಕೊಟ್ಟಂತೆ. ಮೇಲೆ ನೋಡಿದ ಸಮದ ಲೆಕ್ಕದಲ್ಲಿ 0.07 ಎಂದರೆ ಔಟ್ ಮತ್ತು ಸೇಫ್ ನಡುವಿನ ಗೆರೆ.

ಪಿಯಾಜಾ ಅವರಿಗೂ ನ್ಯಾಯ ಸಲ್ಲಬೇಕು. ಸುಮಾರು 1,800 ಓಟಗಳಲ್ಲಿ ಸಾಮಾನ್ಯ ಕ್ಯಾಚರ್‌ಗಿಂತ ಸುಮಾರು 140 ಔಟ್ ಕಡಿಮೆ, ಅಂದರೆ 85 ರನ್ ಆಸುಪಾಸು ನಷ್ಟ. ಹದಿನಾರು ಸೀಸನ್‌ಗೆ ಹಂಚಿದರೆ ವರ್ಷಕ್ಕೆ ಐದು ರನ್. ಅವರ ಬ್ಯಾಟ್ ಅದನ್ನು ಕೆಲವೇ ವಾರಗಳಲ್ಲಿ ತೀರಿಸುತ್ತಿತ್ತು. ಎಸೆತ ದುರ್ಬಲ ಎಂಬ ಒಂದೇ ಕಾರಣಕ್ಕೆ ಅವರನ್ನು ಕೆಟ್ಟ ಕ್ಯಾಚರ್ ಎಂದದ್ದು ಅನ್ಯಾಯ.

ಬೇರೆ ಕಾಲದ ಕ್ಯಾಚರ್‌ಗಳನ್ನು ಹೋಲಿಸುವಾಗ ಇನ್ನಷ್ಟು ಜಾಗ್ರತೆ ಬೇಕು. 1970ರ ದಶಕದ ಜಾನಿ ಬೆಂಚ್ ಅವರದು ಶೇ. 43, ಆಗ ಲೀಗ್ 35. ಯಾಡಿಯರ್ ಮೊಲಿನಾ ಅವರದು 40, ಲೀಗ್ 28ರ ಹತ್ತಿರ. ಬರೀ ಅಂಕಿ ನೋಡಿದರೆ ಬೆಂಚ್ ಮೇಲೆ, ಲೀಗಿನ ಪಕ್ಕದಲ್ಲಿಟ್ಟು ನೋಡಿದರೆ ಮೊಲಿನಾ ಮೇಲೆ. ರಾಯ್ ಕ್ಯಾಂಪನೆಲ್ಲಾ ಅವರ 57 ಎಲ್ಲರಿಗಿಂತ ಎತ್ತರ, ಆದರೆ 1950ರ ದಶಕದಲ್ಲಿ ಲೀಗಿನ ಸರಾಸರಿಯೇ 40ನ್ನು ದಾಟಿತ್ತು. ಲೀಗಿನ ಸರಾಸರಿಯನ್ನು ಕಳೆಯುವುದು ಸರಿಯೋ ಅದರಿಂದ ಭಾಗಿಸುವುದು ಸರಿಯೋ ಎಂಬ ಪ್ರಶ್ನೆ ಸದಾ ಬರುತ್ತದೆ. ರನ್ ಲೆಕ್ಕಕ್ಕೆ ಕಳೆಯಿರಿ, ಏಕೆಂದರೆ ರನ್ ಬರುವುದು ಹೆಚ್ಚುವರಿ ಔಟ್‌ಗಳಿಂದ. ಕಾಲಗಳ ನಡುವೆ ಕೌಶಲ ಹೋಲಿಸಲು ಭಾಗಿಸಿದರೆ ಚಿತ್ರ ಹೆಚ್ಚು ಸ್ಪಷ್ಟ: ರೊಡ್ರಿಗಸ್ 1.47, ಮೊಲಿನಾ 1.43, ಬೆಂಚ್ 1.23.

2023ರಿಂದ ನೆಲವೇ ಬದಲಾಗಿದೆ. ಬೇಸ್‌ನ ಬದಿ 15 ಇಂಚಿದ್ದದ್ದು 18 ಆಯಿತು, ಮೊದಲ ಮತ್ತು ಎರಡನೇ ಬೇಸ್ ನಡುವಿನ ಅಂತರ ನಾಲ್ಕೂವರೆ ಇಂಚು ಕುಗ್ಗಿತು. ಪಿಚರ್‌ಗೆ ಗಡಿಯಾರದ ಮಿತಿ ಬಂತು. ಒಬ್ಬ ಬ್ಯಾಟರ್ ಇರುವಷ್ಟು ಹೊತ್ತಿನಲ್ಲಿ ಎರಡು ಸಲಕ್ಕಿಂತ ಹೆಚ್ಚು ಓಟಗಾರನ ಕಡೆ ತಿರುಗಿ ಓಟಗಾರ ಔಟಾಗದಿದ್ದರೆ ದಂಡ. ಫಲವಾಗಿ ಕದ್ದ ಬೇಸ್‌ಗಳು 2022ರ 2,486ರಿಂದ 3,503ಕ್ಕೆ ಜಿಗಿದವು, ಯಶಸ್ಸು ಶೇ. 80ಕ್ಕೆ ಏರಿತು. ಆ ವರ್ಷ ಶೇ. 30 ಹಿಡಿದ ಕ್ಯಾಚರ್ ಲೀಗಿನ ಒಂದೂವರೆ ಪಟ್ಟು, ರೊಡ್ರಿಗಸ್ ಅವರ ಸಾಲಿನವನು. ಅವನ 30ನ್ನು ರೊಡ್ರಿಗಸ್ ಅವರ 46ರ ಪಕ್ಕ ಇಟ್ಟು ತೋಳಿಲ್ಲದವನು ಎಂದರೆ ಓದಿದವರು ನಂಬಿಬಿಡುತ್ತಾರೆ. ಮೈದಾನದ ಕ್ಯಾಮೆರಾಗಳು ಈಗ ಓಟಗಾರನ ವೇಗ, ಲೀಡ್, ಪಿಚ್ ಬಿದ್ದ ಜಾಗ ಎಲ್ಲವನ್ನೂ ಅಳೆದು, ಈ ಓಟಗಾರನನ್ನು ಸಾಮಾನ್ಯ ಕ್ಯಾಚರ್ ಹಿಡಿಯುವ ಸಾಧ್ಯತೆ ಎಷ್ಟು ಎಂದು ಪ್ರತಿ ಓಟಕ್ಕೂ ಹೇಳುತ್ತವೆ. ರೊಡ್ರಿಗಸ್ ಅವರ ಕಾಲಕ್ಕೆ ಆ ಸೌಲಭ್ಯ ಇರಲಿಲ್ಲ.

ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಮಕ್ಕಳ ಲಿಟಲ್ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುವ ತಂದೆತಾಯಿಗೆ ಒಂದು ಉಪಯೋಗದ ಮಾತು. ಹನ್ನೆರಡರೊಳಗಿನ ಮಕ್ಕಳ ವಿಭಾಗದಲ್ಲಿ ಬೇಸ್‌ಗಳ ನಡುವೆ 60 ಅಡಿ, ಮನೆಯಿಂದ ಎರಡನೇ ಬೇಸ್‌ಗೆ 85 ಅಡಿಗೆ ಸ್ವಲ್ಪ ಕಡಿಮೆ. ಚೆಂಡು ಬ್ಯಾಟರ್‌ನನ್ನು ತಲುಪುವವರೆಗೆ ಓಟಗಾರ ಬೇಸ್ ಬಿಡುವಂತಿಲ್ಲ. ಹಾಗಾಗಿ ಲೀಡ್ ಇಲ್ಲ, ಪಿಚರ್‌ನ 1.3 ಸೆಕೆಂಡ್ ಕೂಡ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಉಳಿಯುವುದು ಓಟಗಾರನ ಕಾಲು ಮತ್ತು ಕ್ಯಾಚರ್‌ನ ಕೈ. ದೊಡ್ಡವರ ಲೀಗಿನಲ್ಲಿ ಇಷ್ಟೆಲ್ಲ ಸೋಸಿ ತೆಗೆಯಬೇಕಾದ ಅಂಕಿ ಇಲ್ಲಿ ನೇರವಾಗಿಯೇ ಸಿಗುತ್ತದೆ. ಫೋನಿನಲ್ಲಿ ಸೆಕೆಂಡಿಗೆ 60 ಚೌಕಟ್ಟಿನ ವಿಡಿಯೊ ತೆಗೆಯಿರಿ. ಚೆಂಡು ಮಿಟ್‌ಗೆ ತಾಗಿದ ಚೌಕಟ್ಟಿನಿಂದ ಫೀಲ್ಡರ್‌ನ ಗ್ಲೌವ್ ಸೇರಿದ ಚೌಕಟ್ಟಿನವರೆಗೆ ಎಣಿಸಿ 60ರಿಂದ ಭಾಗಿಸಿದರೆ ಪಾಪ್ ಟೈಮ್ ಬಂತು. ಪುಸ್ತಕದಲ್ಲಿ ಕದ್ದದ್ದು, ಸಿಕ್ಕಿಬಿದ್ದದ್ದು ಎಂಬ ಎರಡು ಅಂಕಣಗಳ ಪಕ್ಕ ಮೂರನೆಯದೊಂದು ಗೆರೆ ಎಳೆಯಿರಿ: ಎರಡನೇ ಬೇಸ್ ಖಾಲಿ ಇದ್ದು, ಮೊದಲ ಬೇಸ್‌ನಲ್ಲಿ ಓಟಗಾರ ಇದ್ದೂ ಓಡದೆ ಉಳಿದ ಪಿಚ್‌ಗಳು ಎಷ್ಟು.